ಹಂಪಮ್ಮನಹಳ್ಳಿಯ ಹದಿನೈದು ಮನೆಗಳು

ಊರು ಕಟ್ಟುವುದು ಹುಡುಗಾಟದ ಮಾತಲ್ಲ. ನಮ್ಮ ಸೀಮೆಯಲ್ಲಿ ಕಟ್ಟಬೇಕಾದವರು ಕಟ್ಟಿ ಹೋಗಿದ್ದಾರೆ. ಹೊಸಪೇಟೆಯಿಂದ ಹಂಪಿಯ ಕಡೆಗೆ ಎರಡು ಹರದಾರಿ ನಡೆದರೆ ಅವರು ಕಟ್ಟಿದ್ದೂ ಕಾಣುತ್ತದೆ, ಅದು ಬಿದ್ದದ್ದೂ ಕಾಣುತ್ತದೆ. ಅಂಥ ನೆಲದಲ್ಲಿ ನಿಂತು ‘ನಾನೂ ಒಂದು ಊರು ಕಟ್ಟಿದ್ದೇನೆ’ ಎಂದರೆ ನೀವು ನಗುತ್ತೀರಿ. ನಗಿರಿ, ಪರವಾಗಿಲ್ಲ. ಅರಸರ ಊರಿಗೆ ಆನೆ, ಕುದುರೆ, ಕಲ್ಲುಕುಟಿಗರು ಎಲ್ಲ ಬೇಕಾಯಿತು. ನನ್ನ ಊರಿಗೆ ಒಂದು ದೌತಿ ಮಸಿ, ಒಂದು ರೂಲುದೊಣ್ಣೆ ಮತ್ತು ನನ್ನಲ್ಲಿ ಹುಟ್ಟಿನಿಂದಲೇ ಧಾರಾಳವಾಗಿದ್ದ ಮಂಕುತನ ಇಷ್ಟೇ ಸಾಕಾಯಿತು. ಅವರದು ಬಿದ್ದುಹೋಯಿತು. ನನ್ನ ಊರಿನ ಒಂದು ಗೋಡೆಯೂ ಇಂದಿನವರೆಗೆ ಬಿರುಕು ಬಿಟ್ಟಿಲ್ಲ. ಗೋಡೆ ಇದ್ದರಲ್ಲವೇ ಬಿರುಕು ಬಿಡುವುದು!

ಮದ್ರಾಸ್ ಸರಕಾರದ ಕಾಲ. ನಾನಾಗ ಹೊಸಪೇಟೆಯ ಒಂದು ಕಚೇರಿಯಲ್ಲಿ ತಾತ್ಕಾಲಿಕ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಈಗ ಕೂತಿರುವವರಿಗೆ ಸುಮ್ಮನೆ ಮುಜುಗರ. ಬಂದ ಕಾಗದಕ್ಕೆಲ್ಲ ಟಪಾಲು ರಿಜಿಸ್ಟರಿನಲ್ಲಿ ನಂಬರು ಹಾಕುವುದು ನನ್ನ ಕೆಲಸ. ಅಕ್ಷರ ದುಂಡಗಿದ್ದವು; ತಲೆಯೂ ಹೆಚ್ಚುಕಡಿಮೆ ಹಾಗೆಯೇ, ಒಳಗೆ ಮೂಲೆ ಮುಡುಕು ಏನೂ ಇರಲಿಲ್ಲ. ‘ತಾತ್ಕಾಲಿಕ’ ಎಂಬ ಆ ಒಂದು ಮಾತು ನನ್ನ ಸಂಸಾರಕ್ಕೇ ಅಡ್ಡ ನಿಂತಿತ್ತು. ಮದುವೆಯಾಗಿ ಒಂದೂವರೆ ವರ್ಷವಾಗಿದ್ದರೂ ಹೆಂಡತಿ ಹಂಪಮ್ಮ ಇನ್ನೂ ಕಂಪ್ಲಿಯ ತವರಿನಲ್ಲೇ ಇದ್ದಳು. ಬೆಲ್ಲದ ವ್ಯಾಪಾರಿಯಾದ ನನ್ನ ಮಾವ ಕೊಟ್ರಪ್ಪನವರು ಮಾತಿನಲ್ಲೂ ಬೆಲ್ಲದಂಥವರೇ. ಆದರೆ ಅಚ್ಚುಬೆಲ್ಲ, ಒಡೆಯುವುದು ಕಷ್ಟ. “ಅಳಿಯರ, ಬ್ಯಾಸರ ಮಾಡ್ಕಾಬ್ಯಾಡ್ರಿ. ನಿಮ್ಮ ನೌಕರಿ ಇವತ್ತೈತಿ, ನಾಳಿಗಿ ಇರ್ತೈತೋ ಇಲ್ಲೋ. ಖಾಯಂ ಆತು ಅಂತ ಒಂದು ಹುಕುಂ ತೋರಿಸ್ರಿ, ನಾನ ಗಾಡಿ ಕಟ್ಟಿಸಿ ಮಗಳನ್ನ ಕರ್ಕೊಂಡು ಬರ್ತೀನಿ” ಎಂದುಬಿಟ್ಟಿದ್ದರು. ಅಲ್ಲಿಯವರೆಗೆ ನಾನೇ ರೊಟ್ಟಿ ಬಡಿದುಕೊಳ್ಳಬೇಕಾಗಿತ್ತು. ನನ್ನ ರೊಟ್ಟಿಗಳು ದಿನಕ್ಕೊಂದು ತಾಲ್ಲೂಕಿನ ಆಕಾರಕ್ಕೆ ಬರುತ್ತಿದ್ದವು. ರಾತ್ರಿ ಅದನ್ನು ಹರಿದು ತಿನ್ನುವಾಗ ಅವಳ ನೆನಪಾಗಿ ಗಂಟಲು ಕಟ್ಟುತ್ತಿತ್ತು. ಅರ್ಧ ನೆನಪಿಗೆ, ಅರ್ಧ ರೊಟ್ಟಿಗೆ.

ಆ ವರ್ಷ ಮಾಘ ಮಾಸದಲ್ಲಿ ಹರೆಯದ ಇಂಗ್ಲಿಷ್ ದೊರೆಯೊಬ್ಬರು ಹಳ್ಳಿಗಳ ಕಾಗದಪತ್ರ ತಪಾಸಣೆಗೆಂದು ಬಂದು ಕಮಲಾಪುರದ ಕೆರೆಯ ಹತ್ತಿರ ಡೇರೆ ಹಾಕಿದರು. ಮುನ್ಷಿಯೊಬ್ಬರಿಂದ ಕನ್ನಡ ಕಲಿತು ಪರೀಕ್ಷೆ ಪಾಸು ಮಾಡಿದ್ದರು. ಹಾಗಾಗಿ ಎತ್ತುಗಳಿಗೂ “ತಾವು ಸ್ವಲ್ಪ ಮುಂದೆ ನಡೆಯಿರಿ” ಎನ್ನುತ್ತಿದ್ದರು. ಅವರ ಸಾಮಾನಿನಲ್ಲಿ ಕೌದಿ ಸುತ್ತಿದ ಒಂದು ಮಾರುದ್ದದ ಹಿತ್ತಾಳೆಯ ದುರ್ಬೀನು ಇತ್ತು. ಅದು ತೋಪು ಎಂದು ಕೆಲವರು, ಅಲ್ಲ, ರಾತ್ರಿ ಕಾಲುವೆಯ ತೂಬು ಎತ್ತಿ ನೀರು ಕದಿಯುವವರನ್ನು ಹಿಡಿಯುವ ಯಂತ್ರ ಎಂದು ಕೆಲವರು. ಎರಡನೆಯ ಸುದ್ದಿ ಹಬ್ಬಿದ ವಾರ ಕಾಲುವೆಯ ಕೊನೆಯ ಗದ್ದೆಗೂ ನೀರು ಮುಟ್ಟಿತಂತೆ. ದೊರೆ ಅದರಲ್ಲಿ ನೋಡುತ್ತಿದ್ದದ್ದು ಏನು ಎಂದು ಮಾತ್ರ ಯಾರೂ ಕೇಳಲಿಲ್ಲ. ದೊರೆಗಳನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ಅವರು ಡೇರೆ ಕಿತ್ತುಕೊಂಡು ಹೋದ ಮೇಲೆ ತಪಾಸಣೆಯಾದ ಕಾಗದದ ಕಟ್ಟುಗಳು ಕಚೇರಿಗೆ ಬಂದವು. ಕಟ್ಟು ಬಿಚ್ಚಿ ಒಂದೊಂದಕ್ಕೆ ನಂಬರು ಹಾಕುತ್ತ ಕೂತೆ. ನಡುವೆ ಒಂದು ಬಿಡಿ ಹಾಳೆ ಸಿಕ್ಕಿತು. ಅದರಲ್ಲಿ ಗೆರೆಯಿಲ್ಲ, ಗಡಿಯಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ, ಕೆಲವು ದಪ್ಪ, ಕೆಲವು ಸಣ್ಣ. ಕೆಳಗೆ ಇಂಗ್ಲಿಷಿನಲ್ಲಿ ದೊರೆಯ ಕೈಬರಹ: ಸಂಡೂರು ಬೆಟ್ಟದ ಮೇಲೆ, ತುಸು ಎಡಕ್ಕೆ. ಸುಮಾರು ಹದಿನೈದು. ಬಹಳ ಚದುರಿದೆ. ಖಚಿತಪಡಿಸಬೇಕು. ಅದರಡಿ ಅವರ ಅರ್ಧ ಸಹಿ. ಬುದ್ಧಿಯಿದ್ದವನಾಗಿದ್ದರೆ ಆ ಹಾಳೆಯನ್ನು ಮಡಚಿ ಬದಿಗಿಡುತ್ತಿದ್ದೆ. ಆದರೆ ಖಾಯಂ ಆಗಬೇಕೆಂಬ ಚಪಲದವನು ಸಿಕ್ಕಿದ್ದಕ್ಕೆಲ್ಲ ನಂಬರು ಹಾಕುತ್ತಾನೆ. ಆ ದಿನ ಮೇಜಿನ ಮೇಲೆ ಒಂದು ಹಲ್ಲಿ ಕೂತಿದ್ದರೂ ಅದಕ್ಕೊಂದು ನಂಬರು ಬೀಳುತ್ತಿತ್ತು. ಹಾಕಿದೆ.

ಹಾಕಿದ ಮೇಲೆ ಭಯವಾಗಿ ಶಿರಸ್ತೇದಾರ್ ಶಾಮರಾಯರ ಮುಂದೆ ಇಟ್ಟೆ. ನಮ್ಮ ಗುಮಾಸ್ತರಿಗೆಲ್ಲ ಅವರೇ ಯಜಮಾನರು, ಮೂವತ್ತು ವರ್ಷ ಒಂದೇ ಕುರ್ಚಿ ಸವೆಸಿದವರು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಚಿಟಿಕೆ ನಸ್ಯ ಏರಿಸಿದರು.

“ಹಟ್ಟಿ ಲೇ ಇದು. ಹದಿನೈದು ಮನಿ. ಈ ದಪ್ಪ ಚುಕ್ಕಿ ಗೌಡ್ರ ಮನಿ ಇರಬೇಕು. ಲೆಕ್ಕಕ್ಕ ಬರದ ಹಟ್ಟಿ ಒಂದು ದೊರಿ ಕಣ್ಣಿಗೆ ಬಿದ್ದೈತಿ.”

“ಒಂದ್ಸಲ ದೊರಿಗಳನ್ನ ಕೇಳಿದ್ರ ಹೆಂಗ್ರಿ?” ಎಂದೆ.

“ಏನಂತ ಕೇಳ್ತಿ? ನೀವು ಬರ್ದದ್ದು ನಮಗ ತಿಳೀಲಿಲ್ಲ ಅಂತಾ? ಮೂವತ್ತು ವರ್ಷದಾಗ ನಾ ಯಾವ ದೊರಿಗೂ ಹಂಗ ಕೇಳಿಲ್ಲ. ಅದಕ್ಕ ಈ ಕುರ್ಚ್ಯಾಗ ಕುಂತೀನಿ. ನಂಬರ್ ಬಿದ್ದ ಮ್ಯಾಲೆ ಕಾಗದಕ್ಕ ಜವಾಬು ಹೋಗಬೇಕು, ಅಷ್ಟ.”

ಬೆಟ್ಟದ ಈ ಮಗ್ಗುಲಿನ ಮೂವರು ಶಾನಭೋಗರಿಗೆ, ಅಂದರೆ ಊರಿನ ಕಾಗದಪತ್ರ ಇಡುವವರಿಗೆ, ನನ್ನ ದುಂಡಗಿನ ಅಕ್ಷರದಲ್ಲಿ ವಿಚಾರಣೆ ಹೋಯಿತು: ಇಂಥ ಹಟ್ಟಿ ನಿಮ್ಮ ಎಲ್ಲೆಯಲ್ಲಿ ಇದೆಯೇ? ಮೊದಲನೆಯವರು ‘ನಮ್ಮಲ್ಲಿಲ್ಲ, ಪಕ್ಕದವರಲ್ಲಿ ಇದ್ದರೂ ಇರಬಹುದು’ ಎಂದು ಬರೆದರು. ಎರಡನೆಯವರು ‘ಇತ್ತು, ಪ್ಲೇಗು ಬಂದಾಗ ಎದ್ದು ಹೋಯಿತು’ ಎಂದರು. ಮೂರನೆಯವರಾದ ವೆಂಕೋಬರಾಯರು ಸ್ವತಃ ಕುದುರೆಯ ಮೇಲೆ ಬಂದು ಇಳಿದರು. ಅವರ ಉತ್ತರ ಸ್ಪಷ್ಟವಾಗಿತ್ತು: ಹಟ್ಟಿ ಇದೆ, ಮನೆಗಳು ಹದಿನೈದು, ಬಾವಿ ಒಂದು, ನೀರು ತುಸು ಸವುಳು, ಜನ ರಾಜನಿಷ್ಠರು.

“ನೀವು ಕಣ್ಣಾರೆ ಕಂಡೀರೇನ್ರಿ?” ಎಂದು ನಾನು ಮೆಲ್ಲಗೆ ಕೇಳಿದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. “ನೋಡು ತಮ್ಮಾ, ದೊರೆ ಕಂಡೀನಿ ಅಂತ ಬರ್ದಾನ. ನಾ ಕಂಡಿಲ್ಲ ಅಂತ ಬರದ್ರ ಏನರ್ಥ? ಒಂದೋ ದೊರೆ ಕಣ್ಣು ಸುಳ್ಳು, ಇಲ್ಲಾ ನನ್ನ ನೌಕರಿ ಸುಳ್ಳು. ಎರಡರಾಗ ಯಾವುದು ಬೇಕು ನಿನಗ?”

“ಬಾವಿ?”

“ಹದಿನೈದು ಮನಿ ಅದಾವ ಅಂದ್ಮ್ಯಾಗ ನೀರು ಕುಡೀಬೇಕಲ್ಲಪಾ. ಇಲ್ಲಾಂದ್ರ ಸಾಯ್ತಾರ.”

ನನಗೆ ಇದು ಎಷ್ಟು ಸರಿಯೆನಿಸಿತೆಂದರೆ, ಒಂದು ಕ್ಷಣ ಆ ಸವುಳು ನೀರು ಕುಡಿಯುವ ಜನರ ಬಗ್ಗೆ ನಿಜವಾಗಿಯೂ ಸಂಕಟವಾಯಿತು.

ಇನ್ನು ಉಳಿದದ್ದು ಒಂದೇ ತೊಡಕು. ಸಂಡೂರು ಬೇರೆ ಸಂಸ್ಥಾನ, ಅದಕ್ಕೆ ಅರಸರೇ ಬೇರೆ. ಬೆಟ್ಟದ ಮೇಲೆ ಇದ್ದರೆ ಹಟ್ಟಿ ಅವರದಾಗುತ್ತದೆ, ನಮಗೆ ಅದನ್ನು ಖಚಿತಪಡಿಸುವ ಅಧಿಕಾರವಿಲ್ಲ. ಶಾಮರಾಯರು ನಾಲ್ಕು ದಿನ ನಿದ್ದೆಗೆಟ್ಟರು. ಎರಡು ಸರಕಾರಗಳ ನಡುವೆ ತಮ್ಮಿಂದ ಯುದ್ಧವೇನಾದರೂ ಆದರೆ ಎಂದು ಅವರಿಗೆ ದಿಗಿಲು. ಐದನೆಯ ದಿನ ಮುಖ ಅರಳಿಸಿಕೊಂಡು ಬಂದರು. ‘ತುಸು ಎಡಕ್ಕೆ’ ಎಂದಿದ್ದರಲ್ಲ ದೊರೆ? ಎಡಕ್ಕೆ ಸಾಕಷ್ಟು ಸರಿದರೆ ಬೆಟ್ಟ ಮುಗಿದು ನಮ್ಮ ಸೀಮೆ ಬರುತ್ತದೆ. ಎಷ್ಟು ಸರಿಯಬೇಕೆಂದು ದೊರೆ ಬರೆದಿರಲಿಲ್ಲವಾದ್ದರಿಂದ ಬೇಕಾದಷ್ಟು ಸರಿದೆವು.

ನಕ್ಷೆ ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿ ನಾನು ಪೂರ್ತಿ ತಪ್ಪೊಪ್ಪಿಕೊಳ್ಳಬೇಕು. ಚುಕ್ಕೆಗಳನ್ನು ಚುಕ್ಕೆಯಾಗಿಯೇ ಬಿಟ್ಟಿದ್ದರೆ ಮುಂದಿನ ಅನರ್ಥ ಅರ್ಧಕ್ಕರ್ಧ ತಪ್ಪುತ್ತಿತ್ತು. ಆದರೆ ಕೈ ಕೇಳಲಿಲ್ಲ. ಚುಕ್ಕೆಗೆ ಗೋಡೆ ಬರೆದೆ, ಮಾಳಿಗೆ ಬರೆದೆ. ಬಾವಿಗೆ ಗಾಲಿ ಕೂರಿಸಿದೆ. ಒಂದು ಬೇವಿನ ಮರ, ಅದರ ಕೆಳಗೆ ಕಟ್ಟೆ. ನಡುವೆ ದೊಡ್ಡ ಖಾಲಿ ಜಾಗ ಉಳಿದದ್ದು ಚೆನ್ನಾಗಿ ಕಾಣಲಿಲ್ಲವೆಂದು ಒಂದು ಗುಡಿ ಕಟ್ಟಿದೆ. ಆಮೇಲೆ ಹೆಸರು. ಹೆಸರಿಲ್ಲದ ಊರನ್ನು ರಿಜಿಸ್ಟರಿಗೆ ಏರಿಸುವಂತಿಲ್ಲ. ಮಧ್ಯಾಹ್ನದ ಹೊತ್ತು, ಹೊಟ್ಟೆಯಲ್ಲಿ ಸೀದ ರೊಟ್ಟಿ, ಮನಸ್ಸು ಕಂಪ್ಲಿಯಲ್ಲಿ. ಲೇಖನಿ ತಾನಾಗಿಯೇ ಬರೆಯಿತು: ಹಂಪಮ್ಮನಹಳ್ಳಿ.

“ಯಾರೀಕಿ ಹಂಪಮ್ಮ?” ಎಂದರು ಶಾಮರಾಯರು.

“ಗ್ರಾಮದೇವತಿ ಅಂತ್ರಿ” ಎಂದೆ. “ಭಾಳ ಶಕ್ತಿ ಐತಂತ.” ಇದರಲ್ಲಿ ಸುಳ್ಳೇನೂ ಇರಲಿಲ್ಲವೆಂದು ಸಂಸಾರ ಹೂಡಿದ ಮೇಲೆ ತಿಳಿಯಿತು.

ಕಾಗದ ಮೇಲಕ್ಕೆ ಹೋಯಿತು. ದೊರೆ ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುವವರು. ಓದದೆಯೇ ಇದಕ್ಕೂ ಹಾಕಿ ಇನ್ನೂ ಮೇಲಕ್ಕೆ ಕಳಿಸಿದರು. ಮೇಲಿನ ಕಚೇರಿಯವರಿಗೆ ಭಾರಿ ಆನಂದವಾಯಿತು. ಹೊಸ ಹಟ್ಟಿಯ ಕಾಗದಪತ್ರ ನೋಡಿಕೊಳ್ಳಲು ಒಂದು ಖಾಯಂ ಹುದ್ದೆ ಮಂಜೂರು ಮಾಡಿ, ಅದಕ್ಕೆ ಯೋಗ್ಯನೊಬ್ಬನನ್ನು ಸೂಚಿಸಿ ಎಂದರು. ಶಾಮರಾಯರು ನನ್ನ ಹೆಸರು ಬರೆದರು. ನಾನು ಹಿಂದುಮುಂದು ನೋಡದೆ ಕಂಪ್ಲಿಗೆ ಕಾರ್ಡು ಹಾಕಿದೆ. ‘ಯುಗಾದಿ ಕಳೆದ ಮೂರನೆಯ ದಿನ ಮಗಳನ್ನು ಕರೆತರುತ್ತೇವೆ’ ಎಂದು ಮಾವನವರ ಉತ್ತರವೂ ಬಂತು. ಆ ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕುಣಿಯುತ್ತಿದ್ದಾಗ ಮೇಲಿನ ಹುಕುಮಿನ ಕೊನೆಯ ಸಾಲು ಕಣ್ಣಿಗೆ ಬಿತ್ತು. ನೇಮಕಕ್ಕೆ ಮುಂಚೆ ದೊರೆಯವರು ಖುದ್ದಾಗಿ ಹಟ್ಟಿಯನ್ನು ಕಂಡು ವರದಿ ಮಾಡತಕ್ಕದ್ದು.

ಯುಗಾದಿಗೆ ಎಂಟು ದಿನವಿರುವಾಗ ದೊರೆ ಮತ್ತೆ ಕಮಲಾಪುರಕ್ಕೆ ಬಂದು ಡೇರೆ ಹಾಕಿದರು. ನಮ್ಮ ಕಚೇರಿಯಲ್ಲಿ ಸೂತಕದ ಮನೆಯ ಕಳೆ. ಹದಿನೈದು ಗುಡಿಸಲು ಹಾಕಿಸಿಬಿಡೋಣವೇ ಎಂದು ಶಾಮರಾಯರು ಕೇಳಿದರು. ವೆಂಕೋಬರಾಯರು ಧೈರ್ಯ ಹೇಳಿದರು: “ಅದಕ್ಯಾಕ ಅಷ್ಟು ತ್ರಾಸು? ಊರು ರಾತ್ರೋರಾತ್ರಿ ಎದ್ದು ಹೋತು ಅಂತ ಬರಕೊಡ್ತೀನಿ. ಪ್ಲೇಗು ಎಲ್ಲಿಗೆ ಹೋಗೈತಿ, ಕರದ್ರ ಬರ್ತೈತಿ.” ಊರೇ ಎದ್ದು ಹೋದರೆ ನನ್ನ ಹುದ್ದೆಯೂ ಅದರ ಹಿಂದೆಯೇ ಎದ್ದು ಹೋಗುತ್ತದೆಂದು ನನಗೆ ಅಳು ಬಂತು. ಕೊನೆಗೆ ಇಬ್ಬರೂ ಹಿರಿಯರು ಏಕಕಂಠದಿಂದ ತೀರ್ಮಾನ ಕೊಟ್ಟರು: ನಂಬರು ಹಾಕಿದವನು ನಾನು, ಆದ್ದರಿಂದ ದೊರೆಯ ಮುಂದೆ ನಿಲ್ಲಬೇಕಾದವನೂ ನಾನೇ.

ಕಡತವನ್ನು ಬಗಲಲ್ಲಿ ಅವುಚಿಕೊಂಡು ನಡೆದುಕೊಂಡೇ ಹೋದೆ. ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ದೊರೆ ಡೇರೆಯ ಹಿಂದಿನ ಹಾಸುಬಂಡೆಯ ಮೇಲೆ ದುರ್ಬೀನಿಗೆ ಕಣ್ಣು ಹಚ್ಚಿ ನಿಂತಿದ್ದರು. ನಾನು ಕೈಮುಗಿದು ಕಡತ ಬಿಚ್ಚಿದೆ. ಮೇಲಿದ್ದ ಚುಕ್ಕೆಯ ಹಾಳೆಯನ್ನು ಕಂಡದ್ದೇ ತಡ, ಅವರು ಕೂಗಿಬಿಟ್ಟರು.

“ತಾವು ಈ ಕಾಗದವನ್ನು ಎಲ್ಲಿ ಪಡೆದಿರಿ? ನಾನು ಇದನ್ನು ಎರಡು ಮಾಸಗಳಿಂದ ಹುಡುಕುತ್ತಿರುವೆನು! ಇವು ನಕ್ಷತ್ರಗಳು. ಒಂದು ಗುಂಪು. ಅತಿ ವಿರಳವಾದ ಗುಂಪು. ಬನ್ನಿರಿ, ನೋಡಿರಿ.”

ನಾನು ಮೊದಲು ಮುಚ್ಚಬೇಕಾದ ಕಣ್ಣನ್ನು ಬಿಟ್ಟು, ಬಿಡಬೇಕಾದದ್ದನ್ನು ಮುಚ್ಚಿದೆ. ಆಮೇಲೆ ಒಂದು ಕರಿಯ ಬೇಲಿ ಕಂಡಿತು; ಅದು ನನ್ನದೇ ರೆಪ್ಪೆ. ಮೂರನೆಯ ಸಲಕ್ಕೆ ಕಂಡವು. ಇಷ್ಟೇನಾ ಎನಿಸಿತು. ಮಂಕಾದ ಕೆಲವು ಚುಕ್ಕಿ. ಒಂದಕ್ಕೊಂದು ಮಾತು ಬಿಟ್ಟಂತೆ ದೂರದೂರ ಕೂತಿದ್ದವು. ಯಾವುದು ಗುಂಪಿನದು, ಯಾವುದು ದಾರಿಹೋಕ ಎಂದು ಹೇಳುವಂತಿರಲಿಲ್ಲ. ಎಲ್ಲವೂ ಒಂದೇ ಕಡೆ ಹುಟ್ಟಿದವು, ಈಗ ಮೆಲ್ಲಗೆ ಬೇರೆ ಬೇರೆ ದಿಕ್ಕಿಗೆ ಹೊರಟಿವೆ, ಇನ್ನು ಕೋಟ್ಯಂತರ ವರ್ಷದಲ್ಲಿ ಗುಂಪೇ ಇರುವುದಿಲ್ಲ ಎಂದು ದೊರೆ ವಿವರಿಸಿದರು. ನನಗೆ ತಟ್ಟನೆ ಅರ್ಥವಾಯಿತು: ಪಾಲಾದ ಅಣ್ಣತಮ್ಮಂದಿರು. ನಮ್ಮ ಕಚೇರಿಯಲ್ಲಿ ಇಂಥ ಕಡತಗಳು ರಾಶಿ ಇದ್ದವು.

“ಎಷ್ಟು ಕಾಣುವವು?” ಎಂದರು ದೊರೆ.

ಎಣಿಸಿದೆ. ಹನ್ನೊಂದು. ಇನ್ನೊಮ್ಮೆ ಎಣಿಸಿದೆ, ಹನ್ನೊಂದೇ. ಆದರೆ ಕಡತದಲ್ಲಿ ಹದಿನೈದೆಂದು ದೊರೆಯೇ ಬರೆದಿದ್ದಾರೆ, ಶಾನಭೋಗರು ಅನುಮೋದಿಸಿದ್ದಾರೆ, ನಾನು ಹದಿನೈದಕ್ಕೂ ಮಾಳಿಗೆ ಹಾಕಿದ್ದೇನೆ.

“ಹದಿನೈದು ಅದಾವ್ರಿ” ಎಂದೆ.

ದೊರೆಗೆ ಅಚ್ಚರಿಯಾಯಿತು. “ತಮ್ಮ ಕಣ್ಣುಗಳು ಅದ್ಭುತವಾಗಿರುವವು. ನನಗೆ ಹನ್ನೊಂದಕ್ಕಿಂತ ಹೆಚ್ಚು ಎಂದೂ ಕಂಡಿಲ್ಲ. ಪುಸ್ತಕದಲ್ಲಿ ಹದಿನೈದು ಎಂದಿರುವುದು, ಆದ್ದರಿಂದ ಬರೆದೆನು.”

ದೊರೆ ಖುಷಿಯಿಂದಲೇ ಕಡತದ ಮುಂದಿನ ಹಾಳೆ ತಿರುವಿದರು, ಆಮೇಲೆ ಇನ್ನೊಂದು. ಬಾವಿಯ ಹತ್ತಿರ ಹುಬ್ಬು ಗಂಟಿಕ್ಕಿತು. ಜನ ರಾಜನಿಷ್ಠರು ಎಂಬಲ್ಲಿ ಕೆಮ್ಮು ಬಂತು. ನನ್ನ ನಕ್ಷೆಯ ಗುಡಿಯನ್ನು ಲಾಂದ್ರದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮೇಲಿನ ಕಚೇರಿಯ ಹುಕುಂ ಬಂದಾಗ ಕುಸಿದು ಕುರ್ಚಿಯ ಮೇಲೆ ಕೂತರು. ಅದರ ಹಿಂದಿನ ಹಾಳೆಯಲ್ಲಿ ಅವರದೇ ಸಹಿ ಇತ್ತು.

“ಇದು ಹೊರಬಿದ್ದರೆ ನಾನು ನಗೆಪಾಟಲಾಗುವೆನು” ಎಂದರು.

“ನನ್ನ ನೌಕರಿ ಹೋಗ್ತೈತ್ರಿ” ಎಂದೆ. ಅಷ್ಟು ಹೇಳಿದ ಮೇಲೆ ತಡೆಯಲಾಗಲಿಲ್ಲ. ರೊಟ್ಟಿ, ಕಂಪ್ಲಿ, ಮಾವನವರು, ಒಂದೂವರೆ ವರ್ಷ, ಕಿಸೆಯಲ್ಲಿದ್ದ ಕಾರ್ಡು, ಎಲ್ಲವನ್ನೂ ಆ ಬಂಡೆಯ ಮೇಲೆ ನಿಂತು ಒದರಿಬಿಟ್ಟೆ. ಗ್ರಾಮದೇವತೆ ಯಾರೆಂಬುದನ್ನೂ ಹೇಳಿದೆ.

“ನಾನು ವಿವಾಹವಾಗಬೇಕಾದ ಕನ್ಯೆಯೂ ಇಂಗ್ಲೆಂಡಿನಲ್ಲಿರುವಳು” ಎಂದರು ದೊರೆ. “ಅವಳ ತಂದೆಯೂ ನನ್ನನ್ನು ತಾತ್ಕಾಲಿಕನೆಂದು ಭಾವಿಸಿರುವರು.”

ಅಷ್ಟು ಹೇಳಿ ಲೇಖನಿ ತೆಗೆದುಕೊಂಡು ವರದಿ ಬರೆದರು. ಪ್ರಾಮಾಣಿಕ ಮನುಷ್ಯ, ಒಂದಕ್ಷರ ಸುಳ್ಳಿಲ್ಲ. ‘ಖುದ್ದಾಗಿ ಕಂಡೆನು. ಬಹಳ ಚದುರಿದೆ. ಹೋಗಲು ಸದ್ಯಕ್ಕೆ ದಾರಿ ಇಲ್ಲ. ನೇಮಕವಾಗುವವನು ಅಲ್ಲಿಯೇ ವಾಸವಾಗಿರತಕ್ಕದ್ದು. ಅಲ್ಲಿ ವಸತಿ ಸಿಗುವವರೆಗೆ ಹೊಸಪೇಟೆಯಲ್ಲಿರಲು ಅನುಮತಿ ಕೊಟ್ಟಿದೆ.’

ವರದಿಯ ಸಾಲುಗಳನ್ನೇ ಇಳಿಸಿಕೊಂಡು ನನ್ನ ಖಾಯಂ ಹುಕುಂ ಬಂತು. ಯುಗಾದಿ ಕಳೆದ ಮೂರನೆಯ ದಿನ ಕಂಪ್ಲಿಯ ಗಾಡಿಯೂ ಬಂತು. ಹಂಡೆ, ಹಾಸಿಗೆ, ಎರಡು ಪೆಂಟೆ ಬೆಲ್ಲ, ಅವುಗಳ ನಡುವೆ ಸೆರಗು ಹಿಡಿದುಕೊಂಡು ಹಂಪಮ್ಮ. ನನ್ನ ಹುಕುಮನ್ನು ಮಾವನವರು ಓದಿಸಿ ಕೇಳಿದರು. “ಏನ್ರೀ ಅಳಿಯರ, ನಮ್ಮ ಹುಡುಗಿ ಹೆಸರಿನ ಊರ! ದೇವರ ಕೂಡಿಸಿದ್ದು ಅಂದ್ರ ಇದು. ನಡೀರಿ, ಹೆಂಗೂ ಗಾಡಿ ಐತಿ, ಅಮ್ಮನ ಗುಡಿಗೆ ಒಂದು ಕಾಯಿ ಒಡಕೊಂಡು ಬರೋಣ” ಎಂದು ಎದ್ದೇ ನಿಂತರು. ದಾರಿ ಇಲ್ಲ ಎಂಬ ಸಾಲನ್ನು ಮೂರು ಸಲ ಓದಿ ತೋರಿಸಿದ ಮೇಲೆ ಕಾಯಿಯನ್ನು ನನ್ನ ಕೈಗೆ ಕೊಟ್ಟು, ದಾರಿಯಾದ ದಿನ ಮರೆಯದೆ ಒಡೆಸಬೇಕೆಂದು ಹೇಳಿ ಹೊರಟರು.

ಸಂಜೆ ಅವಳ ಕೈಯ ಮೊದಲ ರೊಟ್ಟಿ ತಿಂದೆ. ಅಂಥ ರೊಟ್ಟಿ ಮಾಡಿದವಳಿಗೆ ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿ, ಬೈಗುಳಕ್ಕೆ ತಯಾರಾಗಿ ಕೂತೆ.

“ಅಂದ್ರ ನನ್ನ ಹೆಸರಿನ ಗುಡಿನೂ ಸುಳ್ಳೇನ್ರಿ?” ಎಂದಳು.

“ಹೂಂ.”

“ಊರು ಸುಳ್ಳಾದ್ರ ಆಗ್ಲಿ ಬಿಡ್ರಿ. ಗುಡಿ ಒಂದಿಷ್ಟು ಖರೇ ಇದ್ದಿದ್ರ ಚಲೋ ಇತ್ತು.”

ಆ ಮಾತಿಗೆ ನಾನು ಅವಳಿಗೆ ಪೂರ್ತಿ ಸೋತುಹೋದೆ. ನೌಕರಿಯೂ ಗಟ್ಟಿಯಾಯಿತು. ವರ್ಷವರ್ಷವೂ ಹಂಪಮ್ಮನಹಳ್ಳಿಯ ವರದಿ ಕಳಿಸಿದೆ: ಜನನ ಇಲ್ಲ, ಮರಣ ಇಲ್ಲ, ಕಳವು ಇಲ್ಲ, ಗಡಿ ತಂಟೆ ಇಲ್ಲ. ಸುತ್ತಲಿನ ಹಳ್ಳಿಗಳು ಇದನ್ನು ನೋಡಿ ಕಲಿಯಬೇಕೆಂದು ಮೇಲಿನವರು ಒಮ್ಮೆ ಷರಾ ಬರೆದರು. ವೆಂಕೋಬರಾಯರು ಆ ಷರಾವನ್ನು ತಮ್ಮ ಹಳ್ಳಿಯ ಚಾವಡಿಯಲ್ಲಿ ಓದಿಸಿದರಂತೆ.

ಸಂಸಾರವೆಂದ ಮೇಲೆ ಜಗಳ ಇದ್ದದ್ದೇ. ಬೇರೆ ಮನೆಗಳಲ್ಲಿ ಹೆಂಡತಿ ‘ತವರಿಗೆ ಹೋಗ್ತೀನಿ’ ಎಂದು ಹೆದರಿಸುತ್ತಾಳೆ. ನಮ್ಮಲ್ಲಿ ಹಾಗಲ್ಲ. ಹಂಪಮ್ಮ ಗೂಟದ ಮೇಲಿನ ಚಾಪೆ ತೆಗೆದು ನನ್ನ ಕೈಗೆ ಕೊಟ್ಟು, “ಸರಕಾರದವ್ರು ನಿಮ್ಮನ್ನ ಎಲ್ಲಿ ಇರು ಅಂದಾರ ಅಲ್ಲಿಗೆ ಹೋಗ್ರಿ” ಎನ್ನುತ್ತಾಳೆ. ಎದುರು ಮಾತಾಡುವಂತಿಲ್ಲ, ಹುಕುಂ ಅವಳ ಕಡೆಗಿದೆ. ಚಾಪೆ ಬಗಲಿಗೆ ಸಿಕ್ಕಿಸಿಕೊಂಡು ಮಾಳಿಗೆ ಹತ್ತಿ, ಸಂಡೂರು ಬೆಟ್ಟದ ಮೇಲೆ ತುಸು ಎಡಕ್ಕೆ ಮುಖಮಾಡಿ ಮಲಗುತ್ತೇನೆ. ದುರ್ಬೀನಿಲ್ಲದೆ ಬರಿಗಣ್ಣಿಗೆ ಒಂದು ಮನೆಯೂ ಕಾಣುವುದಿಲ್ಲ. ಆದರೂ ನನ್ನ ಊರು, ನಾನು ಅಲ್ಲಿ ಹಾಜರಿ ಹಾಕಿದಂತಾಗುತ್ತದೆ. ಕಷ್ಟವೆಂದರೆ ಮಳೆಗಾಲದ ನಾಲ್ಕು ತಿಂಗಳು ಸಂಜೆಯ ಆಕಾಶದಲ್ಲಿ ಆ ಊರು ಇರುವುದೇ ಇಲ್ಲ. ಆ ನಾಲ್ಕು ತಿಂಗಳು ನಾನು ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತೇನೆ.